ಮೆಷಿನ್ನಿಗೆ ಬಿದ್ದ ಕಂಬಳಿ

ತಪ್ಪು ಒಪ್ಪಿಕೊಳ್ಳದ ಹೆಂಗಸು ನಾನಲ್ಲ. ಆದರೆ ಒಪ್ಪಿಕೊಳ್ಳುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ವಾಷಿಂಗ್ ಮೆಷಿನ್ನಿನ ಪೈಪು ಕಟ್ಟಿಕೊಂಡದ್ದು ನನ್ನಿಂದಲೇ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಬಾಯಿ ಬಿಡಲು ಮೂರು ವಾರ ಹಿಡಿಯಿತು, ಅಷ್ಟೇ.

ಮೆಷಿನ್ನು ನನ್ನ ಸೊಸೆ ಕೋಮಲಳದು. ಹಗರೆಯ ಶಾಲೆಯಲ್ಲಿ ಟೀಚರು, ತನ್ನ ಸಂಬಳದಲ್ಲೇ ತಂದಳು. ಅದು ಹಳೇಬೀಡಿನ ನಮ್ಮ ಮನೆಗೆ ಬಂದು ಇಳಿದ ದಿನ ನಾನು ಬೀದಿಯವರೆಲ್ಲ ಕೇಳುವ ಹಾಗೆ ಅಂದಿದ್ದೆ: "ಕಲ್ಲಿಗೆ ಬಡಿದ್ರೇನೇ ಕೊಳೆ ಹೋಗಾದು ಕಣೇ. ಡಬ್ಬದೊಳಗೆ ಹಾಕಿ ತಿರುಗ್ಸಿದ್ರೆ ಬಟ್ಟೆಗೆ ತಲೆ ಸುತ್ತು ಬತ್ತದೆ, ಅಷ್ಟೇಯ. ನನ್ನ ಸೀರೆ ಮಾತ್ರ ಅದ್ರೊಳಕ್ಕೆ ಹಾಕ್ಬೇಡ." ಎದುರುಮನೆ ರಂಗಮ್ಮ ಹೌದೌದು ಎಂದು ತಲೆ ಆಡಿಸಿದಳು. ಅವಳು ತಲೆ ಆಡಿಸಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ಊರಿಗೆಲ್ಲ ಗೊತ್ತಾಗಿರುತ್ತದೆ.

ಆರು ತಿಂಗಳು ಹಟಕ್ಕೆ ಬಿದ್ದು ಕಲ್ಲಿಗೆ ಬಡಿದೆ. ಮಣಿಕಟ್ಟು ಊದಿಕೊಂಡಿತು. ಮುದ್ದೆ ತಿರುವಲು ಕೋಲು ಹಿಡಿದರೆ ಕಣ್ಣಲ್ಲಿ ನೀರು. ಒಂದು ದಿನ ಸೊಸೆ ಶಾಲೆಗೆ, ಯಜಮಾನರು ತೋಟಕ್ಕೆ, ಮಗ ಮನು ಬೇಲೂರಿಗೆ ಹೋಗಿದ್ದಾಗ, ಒಂದೇ ಒಂದು ಸೀರೆ ಹಾಕಿ ನೋಡಿದೆ. ಅಯ್ಯೋ ಶಿವನೇ, ಎಂಥ ಸುಖ! ನಾನು ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ, ಅದರ ಪಾಡಿಗೆ ಅದು ಒಗೆಯುತ್ತಿತ್ತು. ಮಾರನೆಯ ದಿನ ಎರಡು ಸೀರೆ, ಆಮೇಲೆ ಹಾಸಿಗೆಯ ಬಟ್ಟೆ. ಎಲ್ಲರೂ ಬರುವ ಹೊತ್ತಿಗೆ ಒಣಗಿಸಿ, ಮಡಿಸಿ, ಒಗೆಯುವ ಕಲ್ಲಿನ ಮೇಲೆ ಎರಡು ಚೊಂಬು ನೀರು ಸುರಿದು ಒದ್ದೆ ಮಾಡಿ ಇಟ್ಟಿರುತ್ತಿದ್ದೆ. ಕಳ್ಳತನಕ್ಕೆ ಇಳಿದ ಮೇಲೆ ಅಚ್ಚುಕಟ್ಟಾಗಿ ಮಾಡಬೇಕು.

ಹೀಗೇ ಇನ್ನೊಂದು ಆರು ತಿಂಗಳು ಸಾಗಿತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆಸೆ ಬಿಡಬೇಕಲ್ಲ! ಮನೆಯಲ್ಲಿ ಮೂರು ಕರಿ ಕಂಬಳಿ ಇವೆ. ನೆಂಟರು ಬಂದರೆ ಹಾಸುವುದೂ ಅವೇ, ಮಳೆಯಲ್ಲಿ ಯಜಮಾನರು ಹೊದ್ದು ಹೊಲಕ್ಕೆ ಹೋಗುವುದೂ ಅವೇ. ವರ್ಷಕ್ಕೊಂದು ಸಲ ಕೆರೆಗೆ ಹೊತ್ತುಕೊಂಡು ಹೋಗಿ ಕಾಲಲ್ಲಿ ತುಳಿದು ತುಳಿದು ಒಗೆಯಬೇಕು. ಈ ಮಂಡಿ ಇಟ್ಟುಕೊಂಡು ಯಾರು ತುಳಿಯುತ್ತಾರೆ? ಒಂದೊಂದಾಗಿ ಮೂರನ್ನೂ ಮೆಷಿನ್ನಿಗೆ ತುರುಕಿದೆ. ಎಮ್ಮೆ ಹೊಂಡಕ್ಕೆ ಬಿದ್ದ ಹಾಗೆ ಗುಡುಗುಡು ಸದ್ದು ಮಾಡಿತು. ಆದರೂ ಒಗೆಯಿತು, ಪಾಪ.

ಮಾರನೆಯ ದಿನ ಕೋಮಲ ತನ್ನ ಬಟ್ಟೆ ಹಾಕಿದಾಗ ನೀರು ಹೊರಗೆ ಹೋಗಲಿಲ್ಲ. ಬಟ್ಟೆಯೆಲ್ಲ ಸೋಪಿನ ನೀರಲ್ಲಿ ತೇಲುತ್ತಾ ನಿಂತವು, ಮೆಷಿನ್ನು ಕುಂಯ್ ಕುಂಯ್ ಎಂದು ಅಳತೊಡಗಿತು. ಯಜಮಾನರು, ಅಂದರೆ ನಂಜುಂಡಯ್ಯನವರು, ಪಂಚೆ ಎತ್ತಿ ಕಟ್ಟಿ ಬಂದು ಅದಕ್ಕೆ ಎರಡು ಗುದ್ದು ಕೊಟ್ಟರು. ಸ್ವಲ್ಪ ನೀರು ಹೋಯಿತು. ಮುಂದಿನ ವಾರ ಮತ್ತೆ ಅದೇ ಕತೆ. ಮೂರನೆಯ ವಾರ ಬಚ್ಚಲೆಲ್ಲ ನೊರೆಯಾಗಿ ಅವರೇ ಜಾರಿ ಬಿದ್ದರು. ಸೊಂಟ ಹಿಡಿದುಕೊಂಡು ಎದ್ದವರೇ ತೀರ್ಪು ಕೊಟ್ಟರು.

"ನಿನ್ನ ಚೂಡಿದಾರದ ನೂಲೆಲ್ಲ ಹೋಗಿ ಕಟ್ಕೊಂಡೈತೆ ಕಣಮ್ಮ. ನಿಂಗೆ ಇದು ಆಗಾಕಿಲ್ಲ. ಭಾನುವಾರ ಜೀಪಿಗೆ ಹಾಕಿ ಬಿಕ್ಕೋಡಿನ ನಮ್ಮ ಶಿಲ್ಪಂಗೆ ಕೊಟ್ಟು ಬತ್ತೀನಿ."

ಶಿಲ್ಪಶ್ರೀ ನಮ್ಮ ಮಗಳು. ಕೋಮಲ "ಆಗ್ಲಿ ಮಾವ" ಎಂದಳು. ಅಷ್ಟೇ. ಮನು ಅಪ್ಪನ ಮುಂದೆ ಬಾಯಿ ಬಿಡುವ ಪೈಕಿಯೇ ಅಲ್ಲ. ಅವಳ ಮೆಷಿನ್ನು ಹೋಗುತ್ತದೆ, ನನ್ನ ಮಣಿಕಟ್ಟೂ ಅದರ ಜೊತೆಗೇ ಹೋಗುತ್ತದೆ. ಬಾಯಿ ಬಿಟ್ಟರೆ ರಂಗಮ್ಮನ ಮುಂದೆ ಮೂರು ಕಾಸಿನ ಮರ್ಯಾದೆ ಉಳಿಯುವುದಿಲ್ಲ.

ಶನಿವಾರ ಬೆಳಿಗ್ಗೆ ಯಜಮಾನರು ತೋಟಕ್ಕೆ ಹೋಗುತ್ತಲೇ ಬೇಲೂರಿನ ಮೆಕ್ಯಾನಿಕ್ ಉಮೇಶನಿಗೆ ಫೋನು ಮಾಡಿ ಕರೆಸಿದೆ. ಅವನು ಮೆಷಿನ್ನಿನ ಕೆಳಗಡೆ ಮೂಲೆಯಲ್ಲಿದ್ದ ಸಣ್ಣ ಬಾಗಿಲು ತೆಗೆದ. ಅಲ್ಲೊಂದು ಬಾಗಿಲಿದೆ ಎಂದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಒಳಗಿನ ಜಾಲರಿ ತಿರುಗಿಸಿ ಎಳೆದರೆ ಕಪ್ಪಗೆ, ಒದ್ದೆಯಾಗಿ, ಮುಷ್ಟಿ ಗಾತ್ರದ್ದೊಂದು ಉಂಡೆ ಬಂತು.

"ಅಮ್ಮಾ, ಮನೇಲಿ ಕರಡಿ ಸಾಕಿದೀರಾ?"

"ಎಮ್ಮೆ ಕೂದಲಿರ್ಬೇಕು ಕಣಪ್ಪ."

"ಎಮ್ಮೇನ ಮೆಷಿನ್‌ಗೆ ಹಾಕಿದ್ರಾ?"

ಅವನು ಜಾಲರಿ ತೊಳೆದು ಹಾಕಿ, ಪೈಪು ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಗೋಡೆಯಾಚೆಗೆ ನಡೆದ. ಹೋದವನು ಹೋಗುತ್ತಲೇ ಇದ್ದ. ಯಜಮಾನರಿಗೆ ಒಂದು ಹನಿ ನೀರು ಪೋಲಾದರೂ ಜೀವ ಹೋಗುತ್ತದೆ. ತೋಟಕ್ಕೆ ತಂದು ಮಿಕ್ಕಿದ್ದ ಕಪ್ಪು ಪೈಪನ್ನು ಮೆಷಿನ್ನಿನ ಪೈಪಿಗೆ ಸೇರಿಸಿ, ಸೈಕಲ್ ಟ್ಯೂಬಿನಲ್ಲಿ ಬಿಗಿದು, ನಲವತ್ತು ಅಡಿ ಆಚೆಯ ತೆಂಗಿನ ಮರದ ಪಾತಿಯವರೆಗೆ ಎಳೆದಿದ್ದರು. ಪಾತಿಯ ಏರಿ ಮೊಣಕಾಲೆತ್ತರ. ಪೈಪು ಅದನ್ನೂ ಹತ್ತಿ ಇಳಿದಿತ್ತು.

ಉಮೇಶ್ ಅಲ್ಲೇ ಕುಕ್ಕರುಗಾಲಲ್ಲಿ ಕೂತು ನಗತೊಡಗಿದ. "ಯಾರಮ್ಮ ಇಂಜಿನಿಯರು? ನೀರು ಬಿರ್ರನೆ ಇಳ್ದು ಹೋಗ್ಬೇಕು. ಇಷ್ಟುದ್ದ ಮಲಗಿಸಿ ಕೊನೇಲಿ ಗುಡ್ಡ ಹತ್ತಿಸಿದ್ರೆ ನೂಲು, ಕೂದ್ಲು, ಸೋಪು ಎಲ್ಲ ದಾರೀಲೇ ಬಿಡಾರ ಹೂಡ್ತವೆ." ತಂತಿ ತೂರಿಸಿ ಎಳೆದ. ಮೊಳದುದ್ದದ ಕರಿ ಜಡೆಯೊಂದು ಈಚೆ ಬಂತು.

ಅದೇ ಗಳಿಗೆಗೆ ಯಜಮಾನರು ತೋಟದಿಂದಲೂ, ಅರ್ಧ ದಿನದ ಶಾಲೆ ಮುಗಿಸಿಕೊಂಡು ಕೋಮಲಳೂ ಒಟ್ಟಿಗೇ ಅಂಗಳಕ್ಕೆ ಬರಬೇಕೇ? ಹಿಂದೆಯೇ ರಂಗಮ್ಮನೂ ತನ್ನ ಜಗುಲಿಯಿಂದ ಕತ್ತು ಚಾಚಿದಳು.

"ನೋಡ್ದಾ, ನಾನು ಹೇಳ್ಲಿಲ್ವಾ? ಚೂಡಿದಾರ!" ಎಂದರು ಯಜಮಾನರು.

ಉಮೇಶ್ ನನ್ನ ಮುಖ ನೋಡಿದ. ಕೋಮಲ ಆ ಜಡೆಯನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಅದು ಯಾವುದರ ಕೂದಲು ಎಂದು ಮೂರು ವರ್ಷದ ಮಗುವಿಗೂ ತಿಳಿಯುತ್ತದೆ. ಆದರೂ ಅವಳು ತಲೆ ತಗ್ಗಿಸಿ, "ಹೌದು ಮಾವ, ನಂದೇ ಇರ್ಬೇಕು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬೈದರೆ ತಡೆದುಕೊಂಡೇನು, ಇದನ್ನು ಹೇಗೆ ತಡೆದುಕೊಳ್ಳಲಿ?

"ಸುಮ್ಕಿರೇ, ದೊಡ್ಡ ಧರ್ಮರಾಯನ ಮಗಳು!" ಎಂದು ಕೂಗಿದೆ. "ನಿಂದಲ್ಲ, ನಂದು. ಮೂರು ಕಂಬ್ಳೀನೂ ನಾನೇ ಹಾಕಿ ಒಗ್ದಿದ್ದು. ಏಳು ತಿಂಗಳಿಂದ ಸೀರೆನೂ ಅದ್ರಲ್ಲೇ ಒಗೀತಾ ಇವ್ನಿ. ರಂಗಮ್ಮ, ಕೇಳಿಸ್ತೇನೇ? ಇಲ್ದಿದ್ರೆ ಇನ್ನೊಂದು ಸಲ ಹೇಳ್ತೀನಿ!"

ರಂಗಮ್ಮ ಅಭ್ಯಾಸಬಲದಿಂದ ಹೌದೌದು ಎಂದು ತಲೆ ಆಡಿಸಿದಳು. ಯಜಮಾನರು ಗಂಟಲು ಸರಿಮಾಡಿಕೊಂಡು "ಕಂಬ್ಳೀನ ಯಾರಾದ್ರೂ..." ಎಂದು ಶುರು ಮಾಡಿದರು.

"ನೀವು ಸುಮ್ನಿರಿ! ಪೈಪ್‌ನ ಗುಡ್ಡ ಹತ್ಸಿದೋರು ಯಾರು? ಕಂಬ್ಳಿ ನಂದು, ಪೈಪು ನಿಮ್ದು, ಬೈಗುಳ ಮಾತ್ರ ಆ ಹುಡುಗಿಗಾ? ಮೆಷಿನ್ ಎಲ್ಲೂ ಹೋಗಾಕಿಲ್ಲ ಕಣ್ರೀ."

ಯಜಮಾನರು ಪೈಪನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಮರಕ್ಕೆ ನೀರು?" ಎಂದಷ್ಟೇ ಕೇಳಿದರು, ಮೆಲ್ಲಗೆ.

ಅದಕ್ಕೆ ಉಮೇಶನೇ ದಾರಿ ಮಾಡಿದ. ಉದ್ದದ ಪೈಪು ಕಿತ್ತು ಹಾಕಿದ. ಈಗ ಗಿಡ್ಡ ಪೈಪಿನ ನೀರು ಗೋಡೆಯಾಚೆಯ ಸಣ್ಣ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ಮೇಲೆ ಈರುಳ್ಳಿ ಚೀಲದ ಬಲೆ, ನೂಲೆಲ್ಲ ಅದರಲ್ಲೇ ಉಳಿಯುತ್ತದೆ. ಅಲ್ಲಿಂದ ಮರಕ್ಕೆ ತೆರೆದ ಕಾಲುವೆ, ಕಸ ಕೂತರೆ ಕಣ್ಣಿಗೆ ಕಾಣುತ್ತದೆ. ಕಾಲುವೆಯನ್ನು ಯಜಮಾನರೇ ಗುದ್ದಲಿ ಹಿಡಿದು ತೋಡಿದರು. "ತಿಂಗಳಿಗೊಂದು ಸಲ ಆ ಸಣ್ಣ ಬಾಗಿಲು ತೆಗ್ದು ಜಾಲರಿ ತೊಳೀರಿ. ಕಂಬ್ಳಿ ಮಾತ್ರ ಕೆರೆಗೇ ತಗೊಂಡ್ಹೋಗಿ" ಎಂದು ಹೇಳಿ ಉಮೇಶ್ ಕಾಫಿ ಕುಡಿದು ಹೋದ.

ಅಡಿಗೆಮನೆಯಲ್ಲಿ ಕೋಮಲಳನ್ನು ಹಿಡಿದು ನಿಲ್ಲಿಸಿ ಕೇಳಿದೆ. "ಕಂಬ್ಳಿ ಕೂದ್ಲು ಅಂತ ಗೊತ್ತಾದ್ಮೇಲೂ ಯಾಕೇ ನಂದು ಅಂದೆ?"

"ಇವತ್ತಲ್ಲ ಅತ್ತೆ, ಮೊದ್ಲಿಂದ್ಲೂ ಗೊತ್ತು. ಸೋಪ್ ಪುಡಿ ಎರಡರಷ್ಟು ಖಾಲಿ ಆಗ್ತಿತ್ತಲ್ಲ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಹಟಕ್ಕೆ ಮತ್ತೆ ಕಲ್ಲಿಗೆ ಬಡಿಯೋಕೆ ಹೋಗ್ತಿದ್ರಿ. ಕೈ ಊತ ಆಗಷ್ಟೇ ಇಳೀತಾ ಇತ್ತು."

ನನಗೆ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಸೊಸೆ ಇಷ್ಟು ಒಳ್ಳೆಯವಳಾದರೆ ಅತ್ತೆಯಾದವಳು ಬೈಯುವುದಾದರೂ ಯಾವುದಕ್ಕೆ? ಸೆರಗಲ್ಲಿ ಮೂಗು ಒರೆಸಿಕೊಂಡು, "ಸೋಪ್ ಪುಡಿ ಲೆಕ್ಕ ಇಡ್ತೀಯೇನೇ, ಜಿಪುಣಿ!" ಎಂದು ಬೈದೆ. ಅವಳು ನಕ್ಕುಬಿಟ್ಟಳು.