ಅಬ್ಬಾ ಮಾರಿದ ಡಾಲರ್

ಓದಿದವಳೆಂಬ ಸೊಕ್ಕು ನನಗೆ ಮೊದಲಿನಿಂದಲೂ ಇತ್ತು. ಪವಾಯಿಯಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕ ಮೇಲೆ ಅದಕ್ಕೆ ಕೊಂಬೂ ಬಂತು.

ಅಬ್ಬಾ ಆಂಟಾಪ್ ಹಿಲ್‌ನಲ್ಲಿ ಚರ್ಮದ ಬ್ಯಾಗು ಹೊಲಿಸುತ್ತಾರೆ. ಆ ಸಲ ಹತ್ತು ಸಾವಿರ ಡಾಲರಿನ ಮಾಲು ಹೊರದೇಶಕ್ಕೆ ಹೋಗಿತ್ತು. ಹಣ ಬರುವುದು ಮೂರು ತಿಂಗಳ ಮೇಲೆ. ಒಂದು ಸಂಜೆ ಅವರ ಮೊಬೈಲಿನಲ್ಲಿ ಬ್ರೋಕರನ ಮೆಸೇಜುಗಳನ್ನು ಕಂಡೆ. ಡಾಲರ್ ಫ್ಯೂಚರ್ಸ್ ಎಂಬ ಮುಂಗಡ ವ್ಯಾಪಾರದ ಲೆಕ್ಕಕ್ಕೆ ಇವತ್ತು ನಾಲ್ಕು ಸಾವಿರ ಕಟ್, ನಿನ್ನೆ ಮೂರು ಸಾವಿರ. ಒಟ್ಟು ಇಪ್ಪತ್ತು ಸಾವಿರ ಹೋಗಿತ್ತು.

ಅಮ್ಮಿಯ ಅಣ್ಣ ಸಾದಿಕ ಮಾಮಾ ಊಟಕ್ಕೆ ಕೂತಿದ್ದರು. ಅವರೆದುರೇ ಕೂಗಿದೆ: "ಅಬ್ಬಾ ಸಟ್ಟಾ ಆಡಾಕ್ಹತ್ಯಾರ!"

ಮಾಮಾ ಅರ್ಧ ಊಟಕ್ಕೇ ಕೈ ತೊಳೆದರು. ಅಮ್ಮಿ ಅಳತೊಡಗಿದರು.

"ಸಟ್ಟಾ ಅಲ್ಲ ಬೇಟಾ," ಅಬ್ಬಾ ಮೆಲ್ಲಗೆ ಹೇಳಿದರು. "ಬರೋ ಡಾಲರ್ ಈಗ್ಲೇ ಎಂಬತ್ತಾರು ರೂಪಾಯಿ ರೇಟಿಗೆ ಮಾರೀನಿ. ರೇಟ್ ಏರಿದ್ರ ಇಲ್ಲಿ ದಿನಾ ಕಟ್ಟಬೇಕು, ಅಷ್ಟೂ ಮಾಲಿನ ಬಿಲ್ಲಿನಾಗ ವಾಪಸ್ ಬರತೈತಿ. ಇಳಿದ್ರ ಬಿಲ್ಲಿನಾಗ ಹೋಗಿದ್ದು ಇಲ್ಲಿ ಸಿಗತೈತಿ. ನಂಗ ಎಂಬತ್ತಾರು ಗಟ್ಟಿ."

"ಜೂಜಾಡೋರೆಲ್ಲ ಹಿಂಗ ಹೇಳ್ತಾರ!"

ಮರುದಿನ ಅವರ ಪಕ್ಕದಲ್ಲೇ ಕೂತು, ಮಾರಿದ ಡಾಲರನ್ನೆಲ್ಲ ಎಂಬತ್ತೆಂಟರ ರೇಟಿಗೆ ವಾಪಸ್ ಕೊಳ್ಳಿಸಿ ಲೆಕ್ಕ ಮುಗಿಸಿದೆ. ಅಬ್ಬಾ ವಾದಿಸಲಿಲ್ಲ. ಭಾವನ ಮುಂದೆ ಮಾನ ಹೋದವರು ಏನೆಂದು ವಾದಿಸಿಯಾರು?

ಬಿಲ್ಲಿನ ಹಣ ಬರುವಷ್ಟರಲ್ಲಿ ಡಾಲರ್ ಎಂಬತ್ತೈದಕ್ಕೆ ಇಳಿದಿತ್ತು. ಬಿಲ್ಲಿನಲ್ಲಿ ಹತ್ತು ಸಾವಿರ ಖೋತಾ, ಕಟ್ಟಿದ ಇಪ್ಪತ್ತು ಸಾವಿರವೂ ಹೋದದ್ದೇ. ಸುಮ್ಮನೆ ಬಿಟ್ಟಿದ್ದರೆ ಎರಡೂ ತುಂಬಿಬರುತ್ತಿದ್ದವು. ಕಾಗದದ ಮೇಲೆ ಮೂರು ಸಲ ಲೆಕ್ಕ ಹಾಕಿದೆ. ಮೂರು ಸಲವೂ ಅಬ್ಬಾ ಹೇಳಿದ್ದೇ ಸರಿ.

ಆ ಮೂವತ್ತು ಸಾವಿರ ಬ್ಯಾಗು ಹೊಲಿಯುವ ಕಾರಿಗಾರರ ಈದ್ ಬೋನಸ್ಸಿನದು. ಅಬ್ಬಾ ಸ್ಕೂಟರ್ ಮಾರಿ ಅವರಿಗೆ ಕೊಟ್ಟರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈದಿನ ದಿನ ಮನೆ ತುಂಬ ಜನ. ಶೀರ್‌ಖುರ್ಮಾದ ಬಟ್ಟಲು ಹಿಡಿದು ಮಾಮಾ ಕೇಳಿದರು: "ಆ ಸಟ್ಟಾ ಬಿಟ್ರಿಲ್ಲೋ ಬಾಷಾ ಭಾಯಿ?"

ನಾನು ಅಬ್ಬಾನ ಮುಖ ನೋಡಿದೆ.

"ಬಿಟ್ಟೀನಿ. ಶಿರೀನ್ ಬಿಡಿಸಿದ್ಲು," ಎಂದರು ಅಬ್ಬಾ, ನಗುತ್ತಲೇ.

"ಶಾಣ್ಯಾಕಿ ನಮ್ಮ ಹುಡುಗಿ!" ಮಾಮಾ ಎಲ್ಲರೆದುರು ನನ್ನ ತಲೆ ಸವರಿದರು.

ಅವತ್ತು ಕೂಗಿದ ಬಾಯಿ ಇವತ್ತು ತೆರೆಯಲಿಲ್ಲ. ತಲೆ ತಗ್ಗಿಸಿ ಸವರಿಸಿಕೊಂಡೆ.