ಅನ್ನಪೂರ್ಣಾಳ ಖುರಾಕು

ಮದ್ದು ತಿಂದು ಸೈಕಲ್ ತುಳಿಯುವವರನ್ನು ಮನೋಳಿಯಲ್ಲಿ ನನ್ನಷ್ಟು ಬೈದವರು ಯಾರೂ ಇಲ್ಲ. ನನ್ನ ಹೆಸರು ಖಾಸಿಮಸಾಬ. ಬಸ್ ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಪ್ರತಿ ಜುಲೈನಲ್ಲಿ ಫ್ರಾನ್ಸಿನ ದೊಡ್ಡ ರೇಸನ್ನು ಮೊಬೈಲಿನಲ್ಲಿ ನೋಡುತ್ತ, ಪಂಕ್ಚರಿಗೆ ಬಂದವರನ್ನು ಗಂಟೆಗಟ್ಟಲೆ ಕಾಯಿಸುವ ಮನುಷ್ಯ ನಾನು. ವರ್ಷಗಟ್ಟಲೆ ಗೆದ್ದು, ಕೊನೆಗೆ ಟಿ.ವಿ. ಮುಂದೆ ಕುಳಿತು ಹೌದು, ಮದ್ದು ತಗೊಂಡಿದ್ದೆ ಎಂದು ಒಪ್ಪಿಕೊಂಡ ಒಬ್ಬನಿದ್ದನಲ್ಲ, ಅವನ ಚಿತ್ರ ನನ್ನ ಅಂಗಡಿಯ ಗೋಡೆಯ ಮೇಲಿತ್ತು. ಅವತ್ತೇ ಅದನ್ನು ಹರಿದು ಗಟಾರಕ್ಕೆ ಎಸೆದೆ. ಎರಡು ದಿನ ಊಟ ಸೇರಲಿಲ್ಲ. ಹೆಂಡತಿ ಬಾನುಬಿ, “ಅಂವೇನ್ ನಿಮ್ಮ ಬೀಗನೇನ್ರಿ?” ಎಂದು ನಕ್ಕಳು. ಬೀಗನಲ್ಲ, ನಿಜ. ಆದರೆ ಇಷ್ಟು ವರ್ಷ ಚಪ್ಪಾಳೆ ತಟ್ಟಿದ ನಾವು ಹುಚ್ಚರೇನು ಎಂದು ನನಗೆ ಮೈಯೆಲ್ಲ ಉರಿದಿತ್ತು.

ಹೋದ ತಿಂಗಳು ಪೇಪರಿನಲ್ಲಿ ನಮ್ಮ ಅನ್ನಪೂರ್ಣಾಳ ಫೋಟೋ ಬಂತು. ಪದಕ ಹಿಡಿದ ಹಳೆಯ ಫೋಟೋವೇ, ಆದರೆ ಮೇಲಿನ ಸಾಲು ಬೇರೆ. ರಾಷ್ಟ್ರೀಯ ರೋಡ್ ರೇಸಿನಲ್ಲಿ ಅವಳ ಮೂತ್ರದ ಪರೀಕ್ಷೆ ಮಾಡಿದ್ದರು. ಅದರಲ್ಲಿ ಗಂಡಸರ ಹಾರ್ಮೋನಿನಂಥ ಮದ್ದು ಸಿಕ್ಕಿದೆ, ಅವಳನ್ನು ಸದ್ಯ ಅಮಾನತು ಮಾಡಲಾಗಿದೆ ಎಂದು ಬರೆದಿತ್ತು.

ಅನ್ನಪೂರ್ಣಾ ನಮ್ಮ ಪಕ್ಕದ ಮನೆಯ ಬೀರವ್ವನ ಮಗಳು. ಬೀರವ್ವ ಅಂಗನವಾಡಿಯಲ್ಲಿ ಸಹಾಯಕಿ. ಹುಡುಗಿ ಏಳು ವರ್ಷದವಳಿದ್ದಾಗ ನನ್ನ ಬಾಡಿಗೆ ಸೈಕಲ್ ಮೇಲೆ ಬಿದ್ದು ಎದ್ದು ಕಲಿತಳು. ಹನ್ನೆರಡಕ್ಕೆ ಸವದತ್ತಿ ಗುಡ್ಡದ ಏರಿನಲ್ಲಿ ಒಂದು ಟಂಟಂ ಆಟೋವನ್ನು ಹಿಂದೆ ಹಾಕಿದಳು, ಅದರಲ್ಲಿ ನಾನೇ ಕುಳಿತಿದ್ದೆ. ಹದಿನೈದಕ್ಕೆ ವಿಜಯಪುರದ ಕ್ರೀಡಾ ಹಾಸ್ಟೆಲ್ ಸೇರಿದಳು. ಈಗ ಹತ್ತೊಂಬತ್ತು. ಹೋದ ಡಿಸೆಂಬರಿನಲ್ಲಿ ಗದಗಿನ ಕಡೆ ನಡೆದ ರಾಜ್ಯ ಮಟ್ಟದ ರೇಸಿನಲ್ಲಿ, ಕೊನೆಯ ಏರಿನಲ್ಲಿ, ರಾಮದುರ್ಗದ ಸಿಮ್ರನಳನ್ನು ಹನ್ನೊಂದು ಸೆಕೆಂಡಿನಿಂದ ಸೋಲಿಸಿ ಚಿನ್ನ ಗೆದ್ದಳು. ನಾನು ರಸ್ತೆ ಬದಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದೆ. ಅಳುತ್ತ ನಿಂತಿದ್ದ ಸಿಮ್ರನಳಿಗೆ, “ನಮ್ಮ ಹುಡುಗಿನ್ನ ಹಿಡೀಬೇಕಂದ್ರ ಇನ್ನೊಂದ ಜನ್ಮಾ ಎತ್ತಿ ಬರಬೇಕು ನೀ” ಎಂದು ಚೇಷ್ಟೆಯನ್ನೂ ಮಾಡಿದ್ದೆ. ಆ ಹುಡುಗಿ ಕಣ್ಣೀರು ಒರೆಸಿಕೊಂಡು ನಕ್ಕಿತ್ತು.

ಪೇಪರ್ ಬಂದ ದಿನ ಅಂಗಡಿಯಲ್ಲಿ ಜನವೋ ಜನ. ಸಂಗಪ್ಪ ನನ್ನ ಹಳೆಯ ಗೆಳೆಯ. ನನ್ನ ಜೊತೆ ಎಲ್ಲ ರೇಸಿಗೂ ಬರುವವನು. ಅವನು ಬೆಂಚಿನ ಮೇಲೆ ಕುಳಿತು, “ಎಲ್ಲಾರೂ ತಗೋತಾರೋ ಮಾರಾಯ. ಸಿಕ್ಕೊಂಡಾಕಿ ಇಕಿ, ಅಷ್ಟ” ಎಂದ. ಇನ್ನೊಬ್ಬ, “ಗಂಡಸರ ಮದ್ದ ತಿಂದಾಳಂದ್ರ ಇನ್ನ ಮೀಸಿ ಬರತಾವೇನ್ರಿ?” ಎಂದು ಹಲ್ಲು ಕಿರಿದ. ಬೇರೆ ದಿನವಾಗಿದ್ದರೆ ಅವನ ತಲೆಗೆ ನಟ್ಟು ಬಿಚ್ಚುವ ಪಾನಾ ಬೀಸುತ್ತಿದ್ದೆ. ಅವತ್ತು ಸುಮ್ಮನೆ ಚೈನಿಗೆ ಎಣ್ಣೆ ಬಿಡುತ್ತ ಕುಳಿತೆ. ಸಂಗಪ್ಪನಿಗೇ ಅದು ಸೇರಲಿಲ್ಲ. “ಯಾಕೋ ಖಾಸಿಮ, ಬಾಯಿಗೆ ಬೀಗಾ ಹಾಕ್ಕೊಂಡ ಕುಂತಿ? ಆ ಬಿಳಿಯಾನ್ನ ಹಂಗ ಬೈದಾಂವ, ಇಕಿನ್ನ ಬೈಯಂಗಿಲ್ಲೇನು?” ಎಂದ.

ಬಸ್ ಸ್ಟ್ಯಾಂಡಿನಲ್ಲಿ ‘ಮನೋಳಿಯ ಹೆಮ್ಮೆ’ ಎಂದು ನಾವೇ ಕಟ್ಟಿದ್ದ ಬ್ಯಾನರು ಸಂಜೆಯೊಳಗೆ ಮಾಯವಾಗಿತ್ತು. ಮರುದಿನ ನೋಡಿದರೆ ಯಾರೋ ಅದನ್ನು ಉಳ್ಳಾಗಡ್ಡಿ ರಾಶಿಗೆ ಹೊದಿಸಿದ್ದರು.

ನಾನು ಸುಮ್ಮನಿದ್ದದ್ದಕ್ಕೆ ಕಾರಣವಿತ್ತು. ಪೇಪರಿನಲ್ಲಿ ಆ ಮದ್ದಿನ ಹೆಸರು ಬರೆದಿದ್ದರು. ಬಾಯಿಗೆ ಬಾರದ ಹೆಸರು. ಅದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಮನೆಗೆ ಹೋಗಿ, ದನದ ಕೊಟ್ಟಿಗೆಯ ತೊಲೆಯ ಮೇಲಿಟ್ಟಿದ್ದ ಗುಳಿಗೆ ಚೀಟನ್ನು ತೆಗೆದು, ಅದರ ಹಿಂದೆ ಅಚ್ಚಾಗಿದ್ದ ಹೆಸರಿನ ಜೊತೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿದೆ. ಎಲ್ಲ ಅಕ್ಷರಗಳೂ ಹೊಂದಿದವು. ಎತ್ತುಗಳಿಗೆ ಮೇವು ಹಾಕುವ ಗ್ವಾದಲಿಯ ಮೇಲೇ ಕುಳಿತುಬಿಟ್ಟೆ.

ನಮ್ಮ ಕಡೆ ಪೈಲ್ವಾನ ಕುಸ್ತಿಗೆ ಹೊರಟರೆ ಅವನ ಖುರಾಕು ಊರವರದು. ಒಬ್ಬರ ಮನೆಯ ಹಾಲು, ಒಬ್ಬರ ಮನೆಯ ತುಪ್ಪ, ಇನ್ನೊಬ್ಬರ ಬಾದಾಮಿ. ಈಗ ಕುಸ್ತಿ ಆಡುವವರು ಕಡಿಮೆಯಾದರು. ಆ ಪದ್ಧತಿಯನ್ನು ನಾವು ಅನ್ನಪೂರ್ಣಾಳಿಗೆ ತಂದೆವು. ಕ್ಯಾಂಪಿಗೆ ಹೋಗುವಾಗಲೆಲ್ಲ ಒಂದು ಡಬ್ಬಿ ಅಂಟಿನ ಉಂಡಿ. ತುಪ್ಪ ಸಂಗಪ್ಪನ ಮನೆಯದು. ಅಂಟು ಆರಿಸಿ ಹುರಿಯುವುದು ಬಾನುಬಿ. ಬೆಲ್ಲದ ಪಾಕ ಹಿಡಿದು ಉಂಡಿ ಕಟ್ಟುವುದು ಬೀರವ್ವ. ಒಣ ಕೊಬ್ಬರಿ ಮತ್ತು ಉತ್ತತ್ತಿ ನನ್ನ ಪಾಲು. ಸವದತ್ತಿಯಿಂದ ತಂದು, ಉತ್ತತ್ತಿ ಬೀಜ ತೆಗೆದು, ಒರಳಲ್ಲಿ ಕುಟ್ಟಿ ಪುಡಿ ಮಾಡಿ ಕೊಡುವುದು ನಾನೇ.

ನನಗೆ ಸೈಕಲ್ಲಿನಷ್ಟೇ ಎತ್ತಿನ ಗಾಡಿ ಓಡಿಸುವ ಶರ್ಯತ್ತಿನ ಹುಚ್ಚು. ಒಂದು ಜೋಡಿ ಎತ್ತು ಸಾಕಿದ್ದೇನೆ. ಅವು ಅರ್ಧ ದಾರಿ ಗಾಳಿಯಂತೆ ಓಡಿ ಕೊನೆಗೆ ಕುಸಿಯುತ್ತಿದ್ದವು. ಚಚಡಿ ಹತ್ತಿರದ ಒಂದು ಶರ್ಯತ್ತಿನಲ್ಲಿ ಪರಿಚಯವಾದವನೊಬ್ಬ, ಹಿಟ್ಟಿನ ಉಂಡೆಯಲ್ಲಿಟ್ಟು ತಿನಿಸಲು ಈ ಗುಳಿಗೆ ಕೊಟ್ಟ. ತಿಂಗಳೊಳಗೆ ಎತ್ತುಗಳು ಕೊನೆಯವರೆಗೂ ಎಳೆಯತೊಡಗಿದವು.

ಹೋದ ದೀಪಾವಳಿಗೆ ಅನ್ನಪೂರ್ಣಾ ಊರಿಗೆ ಬಂದವಳು ನನ್ನ ಅಂಗಡಿಯಲ್ಲಿ ಕುಳಿತು, “ಕೊನೀ ಏರಿನ್ಯಾಗ ಕಾಲ ಸತ್ತ ಹೋಗತಾವ ಕಾಕಾ. ಏನ್ ಮಾಡಿದ್ರೂ ನಾಲ್ಕನೇ ನಂಬರ್” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮಾರನೆಯ ದಿನ ಉತ್ತತ್ತಿಯ ಜೊತೆ ಹತ್ತು ಗುಳಿಗೆ ಹಾಕಿ ಕುಟ್ಟಿದೆ. ಅವಳು ಡಿಸೆಂಬರಿನಲ್ಲಿ ಗೆದ್ದಳು. ಫೆಬ್ರವರಿಯಲ್ಲಿ ರಾಷ್ಟ್ರೀಯ ರೇಸಿಗೆ ಹೊರಟಾಗ ಇನ್ನೊಂದು ಡಬ್ಬಿಗೂ ಹಾಕಿದೆ.

ಗೊತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲು ಬಹಳ ಒದ್ದಾಡಿದೆ. ಮದ್ದು ಎಂದರೆ ಸೂಜಿ, ಇದು ಬರೀ ಗುಳಿಗೆ, ದನಕ್ಕೆ ಕೊಡುವ ಟಾನಿಕ್ಕು, ಎಂದೆಲ್ಲ. ಆದರೆ ಟಾನಿಕ್ಕಾಗಿದ್ದರೆ ಬಾನುಬಿ ನಮಾಜಿಗೆ ಕುಳಿತ ಹೊತ್ತು ನೋಡಿ ಯಾಕೆ ಕುಟ್ಟಿದೆ? ಒರಳನ್ನು ಎರಡು ಸಲ ಯಾಕೆ ತೊಳೆದೆ? ನನಗೆ ಗೊತ್ತಿತ್ತು. ಅವಳು ಗೆಲ್ಲುವುದು ನನಗೆ ಬೇಕಾಗಿತ್ತು, ಬಹುಶಃ ಅವಳಿಗಿಂತ ಹೆಚ್ಚಾಗಿ ಬೇಕಾಗಿತ್ತು. ಅಂಗಡಿಯಲ್ಲಿ ಕುಳಿತು ‘ನಮ್ಮ ಹುಡುಗಿ’ ಎನ್ನುವ ರುಚಿ ಹತ್ತಿತ್ತು.

ದಿಲ್ಲಿಯ ಕಚೇರಿಯಿಂದ ಬಂದ ಪತ್ರಕ್ಕೆ ಇಪ್ಪತ್ತು ದಿನದಲ್ಲಿ ಉತ್ತರ ಕೊಡಬೇಕಿತ್ತು. ಮದ್ದು ಮೈಯೊಳಗೆ ಹೇಗೆ ಬಂತೆಂದು ತೋರಿಸಿದರೆ ಶಿಕ್ಷೆ ಕಡಿಮೆಯಾಗಬಹುದು, ತೋರಿಸದಿದ್ದರೆ ನಾಲ್ಕು ವರ್ಷ ರೇಸಿಗೆ ಇಳಿಯುವಂತಿಲ್ಲ. ಅನ್ನಪೂರ್ಣಾ ಊರಿಗೆ ಬಂದು ಕದ ಹಾಕಿಕೊಂಡು ಕುಳಿತಳು. ಹಾಸ್ಟೆಲ್ಲಿನ ಕೋಚ್ ಹೇಳಿದಂತೆ, ರೇಸಿನ ತಿಂಗಳು ತಿಂದದ್ದನ್ನೆಲ್ಲ ನೆನಪಿಸಿಕೊಂಡು ಪಟ್ಟಿ ಬರೆದಳು.

ಹದಿನೇಳನೆಯ ದಿನ ಬೀರವ್ವ ಫೆಬ್ರವರಿಯ ಆ ಉಂಡಿಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಳು. ಒಳಗೆ ಇನ್ನೂ ಮೂರು ಉಂಡಿ ಉಳಿದಿದ್ದವು. ಬಾನುಬಿಯ ಮುಂದೆ ಕುಳಿತು ಅಂದಳು, “ಕ್ಯಾಂಪಿನ್ಯಾಗ ಎಲ್ಲಾರ್ದೂ ಒಂದ ಊಟ ಅಂತವಾ. ಇಕಿ ಬ್ಯಾರೆ ತಿಂದದ್ದು ಅಂದ್ರ ನಮ್ಮ ಉಂಡಿ ಒಂದ. ಇದನ್ನ ಪರೀಕ್ಷಾಕ್ಕ ಕಳಸ್ತಾರಂತ. ನನ್ನ ಕೈಯಾಗ ಏನರ ತಪ್ಪ ಆಗೇತೇನ ಬಾನುಬಿ? ಅಂಟ ಕೆಟ್ಟದ್ದಿತ್ತೇನ? ಅಂಗನವಾಡ್ಯಾಗ ಕೂಸುಗಳಿಗೆ ಉಣಿಸಾಕೂ ಅಂಜಿಕಿ ಬರತೈತಿ ನೋಡು.”

ಬಾನುಬಿ ಅಳತೊಡಗಿದಳು. ತಾನು ಆರಿಸಿದ ಅಂಟಿನಲ್ಲೇ ಏನೋ ಬಂತೆಂದು ಅವಳ ಭಯ. ನಾನು ಬಾಗಿಲಲ್ಲಿ ನಿಂತಿದ್ದೆ. ಇಬ್ಬರು ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಳ್ಳುತ್ತ ಕುಳಿತದ್ದನ್ನು ನೋಡಿ ನೆಲ ಬಿರಿದು ನುಂಗಿದರೆ ಸಾಕು ಅನಿಸಿತು. ಆದರೂ ಬಾಯಿ ತೆರೆಯಲಿಲ್ಲ. ಊರಿನಲ್ಲಿ ಮುಖ ತೋರಿಸುವುದು ಹೇಗೆ ಎಂದೇ ಯೋಚಿಸುತ್ತಿದ್ದೆ, ಎಂಥ ಹೇಡಿ ನೋಡಿ.

ಮರುದಿನ ಬೆಳಿಗ್ಗೆ ಬಾನುಬಿಗೆ ಗುಳಿಗೆಯ ವಿಷಯ ಹೇಳಿದೆ. ಅವಳು ಎದ್ದು ಬೀರವ್ವನ ಮನೆಯ ಕಡೆ ಕೈ ತೋರಿಸಿದಳು. “ನನಗ ಹೇಳಿ ಏನ್ ಮಾಡತೀರಿ? ಹೇಳಬೇಕಾದಾಕಿ ಆ ಮನ್ಯಾಗ ಅದಾಳ, ಹೋಗ್ರಿ” ಎಂದಳು.

ಹೋದೆ. ಅನ್ನಪೂರ್ಣಾ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದಳು. ಮುಂದೆ ಆ ಪಟ್ಟಿ. ನನ್ನನ್ನು ಕಂಡು, “ಬರ್ರಿ ಕಾಕಾ, ಕುಂಡ್ರಿ” ಎಂದಳು. ನಾನು ಕೂರಲಿಲ್ಲ. ಗುಳಿಗೆ ಚೀಟನ್ನು ಅವಳ ಮುಂದಿಟ್ಟು, ನಿಂತುಕೊಂಡೇ ಹೇಳಿದೆ, “ಇದನ್ನ ನಾನ ಹಾಕೀನಿ. ಉತ್ತತ್ತಿ ಪುಡ್ಯಾಗ. ಎತ್ತಿಗೆ ತಂದದ್ದು.”

ಅವಳು ಚೀಟನ್ನು ತಿರುಗಿಸಿ ಓದಿದಳು. ಅಡುಗೆಮನೆಯ ಬಾಗಿಲಿಗೆ ಬೀರವ್ವ ಬಂದು ನಿಂತಿದ್ದಳು. ಕೂಗಾಡಲಿಲ್ಲ. “ನನ್ನ ಕೈಲೆ ತಿನಿಸಿದಿಯೇನೋ ಖಾಸಿಮಣ್ಣಾ” ಎಂದಷ್ಟೇ ಅಂದಳು. ಅವಳು ಒಂದೇಟು ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಎಲ್ಲಾ ಬರದ ಕೊಡತೇನವಾ. ಸಹಿ ಹಾಕತೇನಿ. ದಿಲ್ಲಿಗೆ ಬಾ ಅಂದ್ರ ಬರತೇನಿ” ಎಂದೆ.

ಅನ್ನಪೂರ್ಣಾ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಮನಸ್ಸು ಬೇರೆಲ್ಲೋ ಹೋಗಿತ್ತು. ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದಳು. “ಕಾಕಾ, ಮೊದಲ್ನೇ ಸಲ ಯಾವಾಗ ಹಾಕಿದ್ರಿ?” ಎಂದು ಕೇಳಿದಳು.

ನಾನು ಚಾಪೆಯ ಮೇಲಿದ್ದ ಗುಳಿಗೆ ಚೀಟಿನತ್ತ ನೋಡಿದೆ.

“ಗದಗಿನ ರೇಸಿಗಿಂತ ಮೊದ್ಲೋ, ಆಮ್ಯಾಲೋ? ಅವತ್ತ ಕೊನೀ ಏರಿನ್ಯಾಗ ನನ್ನ ಕಾಲ ಎಷ್ಟ ಹಗರ ಇದ್ದೂ ಗೊತ್ತೇನ್ರಿ? ನಾಕ ವರ್ಷ ಗುಡ್ಡಾ ಹತ್ತಿದ್ದು ಅವತ್ತ ಕೈಗೆ ಬಂತು ಅಂದ್ಕೊಂಡಿದ್ನಿ. ಅದೊಂದ ನೆನಸ್ಕೊಂಡ ಇಷ್ಟ ದಿವಸ ಉಸರ ಹಿಡಕೊಂಡೇನಿ. ಹೇಳ್ರಿ ಕಾಕಾ.”

ಗದಗಿನಲ್ಲಿ ಯಾರೂ ಪರೀಕ್ಷೆ ಮಾಡಿರಲಿಲ್ಲ. ಯಾವ ಕಾಗದದಲ್ಲೂ ಅದು ಇರಲಿಲ್ಲ. ದೀಪಾವಳಿಯ ಆ ಡಬ್ಬಿಯ ವಿಷಯ ಗೊತ್ತಿದ್ದವನು ಈ ಭೂಮಿಯ ಮೇಲೆ ನಾನೊಬ್ಬನೇ. ಬಾನುಬಿಗೂ ಒಂದೇ ಡಬ್ಬಿ ಎಂದು ಹೇಳಿದ್ದೆ. ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು.

“ಆಮ್ಯಾಲ” ಎಂದೆ. “ಇದೊಂದ ಡಬ್ಬಿ.”

ಅನ್ನಪೂರ್ಣಾ ಮೊಣಕಾಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಎದ್ದು ನನ್ನ ಎರಡೂ ಕೈ ಹಿಡಿದು, “ಖರೇ ಹೇಳಿದ್ರಲ್ಲಾ, ಅಷ್ಟ ಸಾಕ ಕಾಕಾ” ಎಂದಳು. ಆಮೇಲೆ ಮೊಬೈಲ್ ತೆಗೆದು ಯಾರಿಗೋ ಹಚ್ಚಿದಳು. ಪೇಪರಿನಲ್ಲಿ ಸುದ್ದಿ ಬಂದಾಗಿನಿಂದ ಅವಳಿಗೆ ದಿನಾ ಫೋನ್ ಮಾಡಿ ಧೈರ್ಯ ಹೇಳುತ್ತಿದ್ದವಳು ಸಿಮ್ರನ ಒಬ್ಬಳೇ ಅಂತೆ. ನನಗೆ ಅದು ಗೊತ್ತಿರಲಿಲ್ಲ.

“ಸಿಮ್ಮು, ಕಾರಣ ಸಿಕ್ತು ನೋಡವಾ. ನಮ್ಮ ಕಾಕಾನ ಬಂದ ಹೇಳಿದ್ರು. ಗದಗಿಂದು ಸ್ವಚ್ಛ ಐತೆವಾ! ತಡಿ, ಅವರ್ನ ಕೇಳು.” ನಾನು ಬೇಡವೆನ್ನುವ ಮೊದಲೇ ಮೊಬೈಲು ನನ್ನ ಕಿವಿಗಿತ್ತು.

“ಸಲಾಂ ಚಾಚಾ” ಎಂದಿತು ಆ ಕಡೆಯ ದನಿ. “ನನಗ ಅನ್ನುನ ಮ್ಯಾಲ ಅನುಮಾನ ಇರ್ಲಿಲ್ರಿ. ನಮ್ಮ ಅಬ್ಬಾ ದಿನಾ ಅಂತಿದ್ರು, ಆ ಚಿನ್ನಾ ನಿಂದ ಅಂತ. ನೀವ ಒಂದ ಮಾತ ಹೇಳಿಬಿಡ್ರಿ, ನಾ ಅವರಿಗೆ ಹೇಳತೇನಿ. ಅವತ್ತ ನಾ ಖರೇನ ಸೋತದ್ದು, ಹೌದಲ್ರಿ?”

ಅನ್ನಪೂರ್ಣಾ ನಗುಮುಖದಿಂದ ನನ್ನನ್ನೇ ನೋಡುತ್ತಿದ್ದಳು.

“ಹೌದವಾ” ಎಂದೆ. “ಖರೇನ ಸೋತಿ.”

“ಶುಕ್ರಿಯಾ ಚಾಚಾ” ಎಂದಳು ಸಿಮ್ರನ.