ನೀರು ನಿಂತ ಮೇಲೆ

ಯಾರದೋ ಕಾಲನ್ನು ಎತ್ತಿ ಕಟ್ಟಿದ್ದಾರೆ, ಹಸಿರು ಪರದೆಯಾಚೆ ಐದು ಬೆರಳು ಮಾತ್ರ ಕಾಣುತ್ತವೆ, ಹೆಬ್ಬೆರಳಿನ ಉಗುರು ಕಪ್ಪು — ಅರೆ, ಜ್ಯಾಕ್ ಬಿದ್ದು ಕಪ್ಪಾದ ಆ ಉಗುರು ತನ್ನದೇ. ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದಿಂದ ಕೆಳಗಿನದೆಲ್ಲ ನೆಂಟರ ಮನೆಯ ಸಾಮಾನು, ಕಣ್ಣೆದುರಿದ್ದರೂ ತನ್ನದಲ್ಲ. ನಿದ್ದೆ ಬೇಡ ಡಾಕ್ಟ್ರೇ, ನೋಡ್ತೀನಿ ಎಂದವನೂ ತಾನೇ, ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು ಬಾನೆಟ್ ತೆಗೆದಾಗ ಕಣ್ಣು ಮುಚ್ಚುವುದುಂಟೇ, ಈಗ ಒಳಗೆ ತೂರಿಸಿದ ಕ್ಯಾಮೆರಾ ತೋರಿಸುವಂತೆ ಟೀವಿಯ ತುಂಬ ತನ್ನದೇ ಕಾಲಿನ ಹರಡು, ಪಾದ ಮಡಚುವ ಕೀಲು, ಒಳಗೆ ನೀರು ಹರಿಯುತ್ತಿದೆ, ಬಿಳಿ ನುಣುಪು, ನಡುವೆ ಡಾಂಬರು ಕಿತ್ತಂಥ ಒಂದು ಗುಂಡಿ. ಮೂಳೆ ಮೇಲಿನ ಮೆತ್ತೆ ಪೂರ್ತಿ ಹೋಗಿದೆ ಡ್ರೈವರ್ರೇ, ಕೆಳಗಿನ ಮೂಳೆಗೂ ಪೆಟ್ಟಾಗಿದೆ, ಎಂಟು ತಿಂಗಳು ಹಿಂಗೇ ಓಡಾಡಿದ್ರಾ — ಓಡಾಡಿದ್ದೆಲ್ಲಿ, ಕ್ಲಚ್ ತುಳಿದದ್ದು, ದಿನಕ್ಕೆ ಸಾವಿರ ಸಲ, ಬಸ್ಸಿನಿಂದ ಜಿಗಿದಾಗ ಉಳುಕಿದ್ದು ಅಷ್ಟೇ ಅಂತ ಬಟ್ಟೆ ಸುತ್ತಿ, ಮುಲಾಮು ತಿಕ್ಕಿ, ಹೆಂಡತಿಗೆ ಹೇಳದೆ. ಹೇಳದಿದ್ರೆ ಗೊತ್ತಾಗಲ್ವಾ, ರೀ, ನೀವು ಮೆಟ್ಟಿಲಿಳಿಯೋ ಸದ್ದೇ ಬೇರೆ ಆಗಿದೆ. ಕಂಡಕ್ಟರ್ ದೋಸ್ತನಂತೂ, ಎಲ್ಲರಿಗೂ ಕಾಲ ಕೆಡುತ್ತೆ ಗುರು, ನಿಂಗೆ ಕಾಲೇ ಕೆಟ್ಟಿತಲ್ಲ ಅಂದು ತಾನೇ ಮೊದಲು ನಕ್ಕ. ಡಿಪೋ ಮ್ಯಾನೇಜರು ನಗಲಿಲ್ಲ, ಮೂಗಿನಲ್ಲೇ ಹೇಳಿದರು, ಪಾದ ಮಡಚದವರಿಗೆ ಸ್ಟೇರಿಂಗ್ ಕೊಡೋಕಾಗಲ್ಲ ಕಣಯ್ಯಾ, ಟೈರ್ ಗೋಡೌನಲ್ಲೊಂದು ಕುರ್ಚಿ ಇದೆ — ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಾನು ಅದೇ ಮೂಗು, ಅದೇ ರಾಗ ಮಾಡಿ ತೋರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದು, ಆ ಕುರ್ಚಿಗೂ ಒಂದು ಕಾಲು ಊನ. ಗಿರ್ — ಡ್ರಿಲ್ಲು, ಸಣ್ಣ ದನಿ, ಗುಂಡಿಯ ತಳದಲ್ಲಿ ಒಂದು, ಎರಡು, ಮೂರು, ಸಾಸಿವೆಯಷ್ಟೇ ತೂತುಗಳು. ನಿನ್ನೆ ಚೀಟಿಯ ಹಿಂದೆ ಚಿತ್ರ ಬರೆದು ಡಾಕ್ಟರು ಹೇಳಿದ್ದು, ತೂತಿಂದ ರಕ್ತ ಜಿನುಗಿದ್ರೆ ಒಳಗಿನ ಮೂಳೆ ಬದುಕಿದೆ ಅಂತ, ಅದೇ ಹೆಪ್ಪುಗಟ್ಟಿ ಹೊಸ ಮೆತ್ತೆ ಬರುತ್ತೆ, ಜಿನುಗದಿದ್ರೆ? ಜಿನುಗದಿದ್ರೆ ಅಲ್ಲೇ ಸ್ಕ್ರೂ ಹಾಕಿ ಕೀಲು ಬಿಗಿದುಬಿಡೋದು, ನೋವಿರಲ್ಲ, ಮಡಚೋಕೂ ಬರಲ್ಲ. ಎರಡಕ್ಕೂ ಸಹಿ ಹಾಕಿದ್ದಾನೆ, ಎರಡನೆಯದಕ್ಕೆ ಹೆಂಡತಿ ಪೆನ್ನು ಹಿಡಿಸಿದ್ದು, ನೋವು ಹೋದ್ರೆ ಸಾಕು ಕಣ್ರೀ, ಬಸ್ಸು ಯಾರ ಅಪ್ಪನ ಮನೇದು. ಸಿಸ್ಟರ್, ರಕ್ತ ತಡೆಯೋಕೆ ಬಿಗಿದ ತೊಡೆಯ ಪಟ್ಟಿ ಸಡಿಲಿಸಿ, ನೀರು ನಿಲ್ಲಿಸಿ. ನೀರು ನಿಂತಿತು. ಸಿಗ್ನಲ್ಲಿನ ಕೆಂಪಿಗೆ ಜನ್ಮವಿಡೀ ಬೈದವನು ಈಗ ಒಂದು ಚೂರು ಕೆಂಪಿಗಾಗಿ — ಬರ್ತಿಲ್ವಲ್ಲ, ಇನ್ನೊಂಚೂರು ಕಾಯೋಣ, ಸ್ಕ್ರೂ ಟ್ರೇ ಹತ್ತಿರ ಇಟ್ಕೊಳ್ಳಿ — ಟಣ್ ಎಂದು ಟ್ರೇ, ಕ್ಲಚ್ ತುಳಿ ಎಂದು ಮನಸ್ಸು ಕಾಲಿಗೆ ಹೇಳುತ್ತದೆ, ಕಾಲು ಕೇಳಿಸಿಕೊಳ್ಳುವುದಿಲ್ಲ, ತೂತು, ಕಪ್ಪು, ಹೊರಗೆ ಬೆಂಚಿನ ಮೇಲೆ ಅವಳು, ತೂತು, ಕಪ್ಪು, ಗೋಡೌನಿನ ರಬ್ಬರ್ ವಾಸನೆ, ಮೂರನೆಯ ತೂತಿನ ಅಂಚಿನಲ್ಲಿ ಏನೋ ಹೊಳೆಯಿತೇ, ಉಳಿದ ನೀರೇ, ದೀಪದ ಬೆಳಕೇ, ಅಲ್ಲ, ಉಬ್ಬುತ್ತಿದೆ, ಸೂಜಿಮೊನೆಯಷ್ಟು, ಕೆಂಪು, ಹರಿಯುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ, ತೂತಿನ ಬಾಯಲ್ಲಿ ಕೆಂಪು ಹನಿ, ಡಾಕ್ಟರೂ ಉಸಿರು ಹಿಡಿದಿದ್ದಾರೆ, ಕೆಂಪು ಹನಿ, ಒಂದೇ ಒಂದು, ಕೆಂಪು ಹನಿ —